ತೆಂಗಿನಕಾಯಿ ಮಂಡಿಯ ವಿಮಾನ ನಿಲ್ದಾಣ

ಶ್ರೀ ಗುರುಬಸವ ಪ್ರಸನ್ನ

ಶಿಕಾರಿಪುರ
ಮಂಗಳವಾರ, ೨೨-೬-೧೯೯೯

ಚಿ. ಸೌ. ಜಗದಾಂಬಳಿಗೆ,

ನಿನ್ನ ಅಕ್ಕ ನಿರ್ಮಲಳ ಆಶೀರ್ವಾದಗಳು. ನಿನ್ನ ಎರಡು ಕಾಗದಗಳೂ ಬಂದು ದೇವರ ಗೂಡಿನ ಪಕ್ಕ ಕೂತು ನನ್ನನ್ನೇ ನೋಡುತ್ತಿವೆ. ಉತ್ತರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಬೇಕಾದಷ್ಟು ಬೈದುಕೋ. ನಿನ್ನ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ. ಅಂಗಡಿಯ ಫೋನಿನಲ್ಲಿ ಮಾತಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ಕಾಗದವಾದರೆ ನಾನು ಹೇಳಿ ಮುಗಿಸುವವರೆಗೆ ಸುಮ್ಮನಿರಲೇಬೇಕು.

ಇಲ್ಲಿ ಎಲ್ಲರೂ ಆರೋಗ್ಯ. ಮಳೆ ಹಿಡಿದ ಮೇಲೆ ನಿನ್ನ ಭಾವನಿಗೆ ಮೊಣಕಾಲು ನೋವು ಜಾಸ್ತಿಯಾಗಿದೆ, ಎಣ್ಣೆ ಹಚ್ಚಿಕೊಳ್ಳಿ ಅಂದರೆ ಕೇಳುವುದಿಲ್ಲ. ನಿನ್ನ ಮಗಳು ಅಶ್ವಿನಿಗೆ ಐದು ತಿಂಗಳು ಅಂತ ಓದಿ ಸಂತೋಷವಾಯಿತು. ಹುಳಿ ಕೇಳಿದರೆ ಹುಳಿ ಕೊಡಿ, ಸಿಹಿ ಕೇಳಿದರೆ ಸಿಹಿ ಕೊಡಿ. ನಿನ್ನ ಹಾಗೆ ಗೋಡೆಯ ಮಣ್ಣು ಕೆರೆದು ತಿನ್ನದಂತೆ ಮಾತ್ರ ನೋಡಿಕೋ.

ಈಗ ಸುದ್ದಿ ಹೇಳುತ್ತೇನೆ, ಕೂತುಕೊಂಡು ಓದು. ನಮ್ಮ ಶೃತಿ ಅಮೆರಿಕಕ್ಕೆ ಹೋದಳು! ಮೊನ್ನೆ ಭಾನುವಾರ ಬೆಂಗಳೂರಿನಲ್ಲಿ ವಿಮಾನ ಹತ್ತಿದಳು. ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳಿಗಾಗಿಯೇ ಅಲ್ಲಿ ಜಗತ್ತಿನ ಎಲ್ಲ ದೇಶಗಳೂ ಸೇರಿ ಆಟೋಟ ನಡೆಸುತ್ತವಂತೆ. ಅಲ್ಲಿ ನಮ್ಮ ದೇಶದ ಪರವಾಗಿ ಕಬ್ಬಿಣದ ಗುಂಡು ಎಸೆಯಲು ನನ್ನ ಮಗಳು ಹೋಗಿದ್ದಾಳೆ. ಮಾತು ಬರಲು ಐದು ವರ್ಷ ತೆಗೆದುಕೊಂಡವಳು, ಹತ್ತೊಂಬತ್ತು ತುಂಬಿದರೂ ಹತ್ತರ ನೋಟು ಯಾವುದು ನೂರರದು ಯಾವುದು ಗೊತ್ತಾಗುವುದಿಲ್ಲ ಅಂತ ಇಡೀ ಪೇಟೆ ಯಾರನ್ನು ಆಡಿಕೊಂಡಿತ್ತೋ ಅವಳೇ. ಅವಳ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಇಂಡಿಯಾ ಅಂತ ಬರೆದಿದೆ. ಅದನ್ನು ನಾನೇ ಇಸ್ತ್ರಿ ಮಾಡಿಕೊಟ್ಟೆ.

ಇದೆಲ್ಲ ಶುರುವಾದದ್ದು ನಮ್ಮ ಮಂಡಿಯಲ್ಲೇ. ತೆಂಗಿನಕಾಯಿ ಲಾರಿ ಬಂದಾಗ ಕಾಯಿಗಳನ್ನು ಕೈಯಿಂದ ಕೈಗೆ ಎಸೆದು ಒಳಗೆ ಒಟ್ಟುವುದನ್ನು ನೀನೂ ನೋಡಿದ್ದೀಯ. ಶೃತಿ ಆ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಲಾರಿಯ ಪಕ್ಕ ನಿಂತು ನೇರವಾಗಿ ಹಿಂದಿನ ಗೋಡೆಯ ರಾಶಿಗೇ ಎಸೆಯುತ್ತಿದ್ದಳು, ಒಂದು ಕಾಯಿಯೂ ಅತ್ತಿತ್ತ ಬೀಳುತ್ತಿರಲಿಲ್ಲ. ಶಿವಮೊಗ್ಗದ ಅವಳ ಶಾಲೆಯ ಟೀಚರು ಪ್ರಮೀಳಾ ಒಂದು ದಿನ ರಜೆ ಮುಗಿಸಿ ಊರಿಂದ ಹೋಗುವಾಗ ಕಾಯಿ ತೆಗೆದುಕೊಳ್ಳಲು ಬಂದಿದ್ದಳು. ಅಂಜನಾಪುರದ ಕಡೆಯ ಹುಡುಗಿ, ಅವಳಪ್ಪ ದೊಡ್ಡಬೀರಪ್ಪ ಈಗಲೂ ಕುರಿ ಹಿಂಡಿನ ಹಿಂದೆ ತಿರುಗುತ್ತಾರೆ. ಪ್ರಮೀಳಾ ಕಾಯಿ ಕೊಳ್ಳುವುದನ್ನೇ ಮರೆತು ನೋಡುತ್ತ ನಿಂತಳು. "ನಿರ್ಮಲಮ್ಮಾರೆ, ಇವಳ ತೋಳು ನೋಡ್ರಿ. ಇವಳ್ನ ನನಗ ಬಿಡ್ರಿ" ಅಂದಳು. ನಾನು ನಕ್ಕೆ. ಜಿಲ್ಲೆಯಲ್ಲಿ ಗೆದ್ದಾಗಲೂ ನಕ್ಕೆ. ರಾಜ್ಯದಲ್ಲಿ ಗೆದ್ದು ಪದಕ ಕಚ್ಚಿಕೊಂಡು ಮನೆಗೆ ಬಂದಾಗ ಮಾತ್ರ ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ.

ಪೇಟೆಯವರ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಎದುರಿನ ಬೆಲ್ಲದಂಗಡಿ ಗುರುಮಲ್ಲಪ್ಪ ಇದ್ದಾರಲ್ಲ, ಹಿಂದೊಮ್ಮೆ "ಆ ಹುಡುಗೀನ ಗಲ್ಲೆ ಹತ್ರ ಕೂಡಿಸಬ್ಯಾಡ್ರಿ, ಗಿರಾಕಿ ಹಿಂದಕ್ಕ ಹೋಗ್ತಾರ" ಅಂತ ನಿನ್ನ ಭಾವನಿಗೆ ಬುದ್ಧಿ ಹೇಳಿದ್ದರು. ಪಾಸ್‌ಪೋರ್ಟ್ ಬಂದ ದಿನ ಅವರೇ ಶಾಲು ಹಿಡಿದುಕೊಂಡು ಬಂದು "ನಮ್ಮ ಶಿಕಾರಿಪುರದ ಹೆಸರು ಅಮೆರಿಕಕ್ಕೆ ಹೊಂಟೈತಿ" ಅಂತ ಭಾಷಣ ಮಾಡಿದರು. ಶೃತಿ ಶಾಲನ್ನು ಅವರಿಗೇ ವಾಪಸ್ ಹೊದಿಸಿದಳು. ನಾನು ಕಾಫಿ ಕೊಟ್ಟೆ. ಸಕ್ಕರೆ ಹಾಕಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಏನೂ ಇಲ್ಲ.

ಇಷ್ಟೆಲ್ಲ ಜಂಭ ಕೊಚ್ಚುತ್ತಿದ್ದೇನಲ್ಲ, ಈ ಒಂದು ತಿಂಗಳು ನಾನು ಪಟ್ಟ ಹೆದರಿಕೆ ನನಗೊಬ್ಬಳಿಗೇ ಗೊತ್ತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಶಿಬಿರವಿತ್ತು. ವಿಮಾನ ಅಂದರೆ ಹೇಗಿರುತ್ತದೆ ಅಂತ ತೋರಿಸಲು ಮಕ್ಕಳನ್ನೆಲ್ಲ ನಿಲ್ದಾಣಕ್ಕೆ ಕರೆದುಕೊಂಡು ಹೋಗಿದ್ದರಂತೆ. ಗಡಿಯಲ್ಲಿ ಯುದ್ಧ ನಡೆಯುತ್ತಿದೆಯಲ್ಲ, ತಪಾಸಣೆ ಬಹಳ ಬಿಗಿ. ಖಾಕಿ ಹಾಕಿದ ಹೆಂಗಸೊಬ್ಬಳು ಮೈ ತಡವುತ್ತ ಬಂದು, ಶೃತಿಯ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಗೆ ಕೈ ಹಾಕಿದ್ದೇ ತಡ, ನಮ್ಮವಳು ಕಚ್ಚಿದ್ದಾಳೆ. ಸುಮ್ಮನೆ ಕಚ್ಚಿದ್ದಲ್ಲ, ಬಿಡಿಸಲು ಇಬ್ಬರು ಬೇಕಾಯಿತಂತೆ.

ಮುಖ್ಯ ತರಬೇತುದಾರರು ಪ್ರಮೀಳಾಗೆ ಸ್ಪಷ್ಟವಾಗಿ ಹೇಳಿದರಂತೆ: ಹೊರಡುವ ದಿನ ಹೀಗೇ ಮಾಡಿದರೆ ಇವಳನ್ನು ಅಲ್ಲೇ ಬಿಟ್ಟು, ಕಾದಿರಿಸಿದ ಇನ್ನೊಬ್ಬ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ. ಅವರದೂ ತಪ್ಪಲ್ಲ ಬಿಡು. ದಾರಿಯಲ್ಲಿ ಮೂರು ಕಡೆ ವಿಮಾನ ಬದಲಾಯಿಸಬೇಕು, ಮೂರು ಕಡೆಯೂ ಮೈ ತಡವುತ್ತಾರೆ. ಒಬ್ಬಳಿಗಾಗಿ ಉಳಿದ ಮಕ್ಕಳು ನಿಲ್ಲಲಾಗುತ್ತದೆಯೇ?

ಆದರೆ ಕಚ್ಚು ಅಂತ ಕಲಿಸಿದವಳು ನಾನು. ನನಗೆ ಅದರ ಬಗ್ಗೆ ನಾಚಿಕೆಯಿಲ್ಲ. ಹೆಣ್ಣು ಹುಡುಗಿ, ಯಾರು ಒಳ್ಳೆಯವರು ಯಾರು ಕೆಟ್ಟವರು ತಿಳಿಯದವಳು, ದಿನವೂ ಮಂಡಿಯಲ್ಲಿ ನೂರು ಜನ ಬಂದು ಹೋಗುತ್ತಾರೆ. ನಾನು ಎಷ್ಟು ಹೊತ್ತು ಹಿಂದೆ ಹಿಂದೆ ತಿರುಗಲಿ? ದೀಕ್ಷೆಯಾಗಿ ಲಿಂಗ ಕೊರಳಿಗೆ ಬಂದ ದಿನವೇ ಹೇಳಿಕೊಟ್ಟಿದ್ದೆ: "ಇಲ್ಲಿ ಶಿವ ಇದಾನ. ಅಪ್ಪಾಜಿ ಆಗಲಿ ಯಾರೇ ಆಗಲಿ ಇಲ್ಲಿಗೆ ಕೈ ತಂದ್ರ ಕಚ್ಚು, ಜೋರಾಗಿ ಕೂಗು." ಬೇರೆ ಏನು ಹೇಳಿದರೂ ಮರೆಯುವವಳು ಇದೊಂದನ್ನು ಮರೆತಿಲ್ಲ. ಈಗ ಒಂದು ತಿಂಗಳಲ್ಲಿ ಅದನ್ನು ಹೇಗೆ ಅಳಿಸಲಿ? ಅಳಿಸಿದರೆ ಆಮೇಲೆ ಊರಿನಲ್ಲಿ ಅವಳ ಗತಿಯೇನು? ಇದನ್ನು ಯೋಚಿಸಿ ಯೋಚಿಸಿ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದೆ. ಕಳಿಸುವುದೇ ಬೇಡ ಅಂತ ಒಂದು ದಿನ, ಕಳಿಸಲೇಬೇಕು ಅಂತ ಇನ್ನೊಂದು ದಿನ.

ಅವಳಿಗೂ ಹೆದರಿಕೆ ಹತ್ತಿಕೊಂಡಿತ್ತು. ಹೆದರಿದರೆ ಅವಳು ಅಳುವುದಿಲ್ಲ ಅಂತ ನಿನಗೆ ಗೊತ್ತು. ಮಂಡಿಯ ಹಿಂದೆ ಸಿಪ್ಪೆ ರಾಶಿಯ ಹತ್ತಿರ ಹೋಗಿ ಕೂತು ನಾರು ಕೀಳುತ್ತಾಳೆ. ಉಗುರಿನ ಸಂದಿಯಲ್ಲಿ ರಕ್ತ ಬರುವವರೆಗೆ ಕೀಳುತ್ತಿದ್ದಳು. "ವಿಮಾನದಾಗ ಅವ್ವ ಎಲ್ಲಿ ಕೂಡ್ತಾಳ?" ಅಂತ ಕೇಳುವಳು. ಅವ್ವ ಬರೋದಿಲ್ಲ ಅಂದರೆ ಇನ್ನೊಂದು ಸಿಪ್ಪೆ ಎತ್ತಿಕೊಳ್ಳುವಳು.

ಕೊನೆಗೆ ದಾರಿ ತೋರಿಸಿದ್ದು ನಿನ್ನ ಭಾವ. "ಲಾರಿಗೆ ಹತ್ತದ ಹೋರೀನ ಹ್ಯಾಂಗ ಹತ್ತಸ್ತೀವಿ? ದಿನಾ ಹತ್ತಿಸಿ ಇಳಿಸಿ ರೂಢಿ ಮಾಡಸ್ತೀವಿ. ಹಂಗ ಮಾಡಾಣ" ಅಂದರು. ಮಗಳನ್ನು ಹೋರಿ ಅಂದಿದ್ದಕ್ಕೆ ನಾನು ಎರಡು ಹೊತ್ತು ಮಾತು ಬಿಟ್ಟೆ, ಆದರೆ ಮಾತು ಸರಿಯಾಗಿತ್ತು. ಮಧ್ಯಾಹ್ನ ಗಿರಾಕಿ ಕಡಿಮೆಯಿರುವಾಗ ನಮ್ಮ ತೆಂಗಿನಕಾಯಿ ಮಂಡಿ ವಿಮಾನ ನಿಲ್ದಾಣವಾಗುತ್ತಿತ್ತು. ಕಾಯಿ ಚೀಲಗಳನ್ನು ಎರಡು ಕಡೆ ಒಟ್ಟಿ ನಡುವೆ ಬಾಗಿಲು. ಕೈಯಲ್ಲಿದ್ದದ್ದನ್ನು ಇಡಲು ತಕ್ಕಡಿಯ ದೊಡ್ಡ ತಟ್ಟೆ. ಗೋಡೆಗೆ ಸಾಲಾಗಿ ಕುರ್ಚಿ, ಸೊಂಟಕ್ಕೆ ಪಟ್ಟಿಯಾಗಿ ನನ್ನ ಹಳೆಯ ಸೀರೆಯ ಅಂಚು. ಗಗನಸಖಿ ನಾನೇ. ಬುಟ್ಟಿಯಲ್ಲಿ ಮಂಡಕ್ಕಿ ಹಿಡಿದು "ಏನ್ ತಗೊಳ್ತೀರಿ ಮೇಡಂ?" ಅನ್ನಬೇಕು. ಅವಳು ಗಂಭೀರವಾಗಿ "ಥ್ಯಾಂಕ್ಯೂ" ಅನ್ನಬೇಕು. ಒಮ್ಮೆ ಗಿರಾಕಿಯೊಬ್ಬರು ಒಳಗೆ ಬಂದು ನನ್ನನ್ನು ನೋಡಿ ಹಾಗೇ ಹಿಂದಕ್ಕೆ ಹೋದರು.

ತುಂಬಾ ಹೊತ್ತು ಒಂದೇ ಕಡೆ ಕೂರುವುದು ರೂಢಿಯಾಗಲಿ ಅಂತ ಆನವಟ್ಟಿ ಬಸ್ಸಿಗೂ ಕರೆದುಕೊಂಡು ಹೋಗುತ್ತಿದ್ದೆ. ಕಿಟಕಿ ಪಕ್ಕ ಅವಳು, ಎರಡು ಸೀಟು ಹಿಂದೆ ನಾನು. ಮೊದಲು ತಿರುಗಿ ತಿರುಗಿ ನೋಡುತ್ತಿದ್ದಳು, ಆಮೇಲಾಮೇಲೆ ಬಿಟ್ಟಳು. ಆನವಟ್ಟಿಯಲ್ಲಿ ಇಳಿದು ಟೀ ಕುಡಿದು ಅದೇ ಬಸ್ಸಿಗೆ ವಾಪಸ್. ನಿಮ್ಮೂರು ಜಡೆಯ ಬಸ್ಸು ಪಕ್ಕದಲ್ಲೇ ನಿಂತಿರುತ್ತಿತ್ತು. "ಚಿಕ್ಕಮ್ಮನ ಮನಿಗೆ ಹೋಗಾಣು" ಅಂತ ಪ್ರತಿ ಸಲವೂ ಹಟ ಮಾಡಿದಳು. ಈ ವಿಮಾನ ಅಲ್ಲಿಗೆ ಹೋಗೋದಿಲ್ಲ ಅಂದೆ.

ಎಲ್ಲ ಬಂತು, ತಪಾಸಣೆ ಒಂದು ಬರಲಿಲ್ಲ. ನಿನ್ನ ಭಾವ ಪೊಲೀಸ್ ಆಗಿ ನಿಂತರೆ ಅವಳಿಗೆ ನಗು. ಅದಕ್ಕೇ ಠಾಣೆಯ ತುಂಗಮ್ಮನನ್ನು ಕೇಳಿಕೊಂಡೆ. ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದು ಪರಿಚಯವಾದ ಪೇದೆ, ದೊಡ್ಡ ಮೈಯಿನ, ದೊಡ್ಡ ಮನಸ್ಸಿನ ಹೆಂಗಸು. ಕೆಲಸ ಮುಗಿಸಿ ಹೋಗುವಾಗ ಖಾಕಿಯಲ್ಲೇ ಬರುತ್ತಿದ್ದಳು. ಮೊದಲ ದಿನ ಕಚ್ಚಿಸಿಕೊಂಡಳು. ಎರಡನೆಯ ದಿನ ಒದೆಸಿಕೊಂಡಳು. "ವೀರಬಸಪ್ಪನೋರೇ, ಕಳ್ಳರು ಸೈತ ನನಗ ಹಿಂಗ ಮಾಡಿಲ್ರೀ" ಅಂತ ನಿನ್ನ ಭಾವನಿಗೆ ಹೇಳಿ ಕೈ ಉಜ್ಜಿಕೊಂಡು ನಗುವಳು. ಮೂರನೆಯ ದಿನ ಶೃತಿ ಅವಳನ್ನು ದೂರದಿಂದ ನೋಡಿಯೇ ಸಿಪ್ಪೆ ರಾಶಿಯ ಹಿಂದೆ ಹೋಗಿ ಕೂತಳು. ಆವತ್ತು ಪ್ರಮೀಳಾಗೆ ಫೋನು ಮಾಡಿ, ಇನ್ನೊಬ್ಬ ಹುಡುಗಿಯನ್ನೇ ಕರೆದುಕೊಂಡು ಹೋಗಲಿ ಅಂದುಬಿಟ್ಟೆ. ಅವಳು "ನೀವು ಹೇಳಿದ್ದು ನನಗ ಕೇಳಿಸಲಿಲ್ರೀ, ಲೈನ್ ಸರಿ ಇಲ್ಲ" ಅಂತ ಫೋನು ಇಟ್ಟಳು. ಲೈನು ಚೆನ್ನಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಶೃತಿ ಎಂದಿನಂತೆ ಸ್ನಾನ ಮಾಡಿ ಅಪ್ಪನ ಪಕ್ಕ ಲಿಂಗಪೂಜೆಗೆ ಕೂತಳು. ಆ ಹೊತ್ತಿನಲ್ಲಿ ಅವಳು ಬೇರೆಯೇ ಹುಡುಗಿ. ಲಿಂಗ ಎಡಗೈ ಮೇಲೆ ಬಂದಿತೆಂದರೆ ನೊಣ ಮೂಗಿನ ಮೇಲೆ ಕೂತರೂ ಅಲ್ಲಾಡುವುದಿಲ್ಲ, ಬೆಕ್ಕು ತೊಡೆ ಹತ್ತಿದರೂ ಕಣ್ಣು ತೆಗೆಯುವುದಿಲ್ಲ. ವರ್ಷಾನುಗಟ್ಟಲೆ ಇದನ್ನು ದಿನವೂ ನೋಡಿದ್ದೇವೆ. ಆದರೂ ನನಗಾಗಲಿ ನಿನ್ನ ಭಾವನಿಗಾಗಲಿ ಏನೂ ಹೊಳೆದಿರಲಿಲ್ಲ.

ಹೊಳೆದದ್ದು ಅವಳಿಗೆ. ಆವತ್ತು ಸಂಜೆ ತುಂಗಮ್ಮ ಬಂದಾಗ ಓಡಿಹೋಗಲಿಲ್ಲ. ಚೀಲಗಳ ಬಾಗಿಲಿನಲ್ಲಿ ಬಂದು ನಿಂತಳು. ತಾನೇ ಶಿವದಾರ ಮೇಲೆಳೆದು ಕರಡಿಗೆ ತೆರೆದಳು, ಲಿಂಗವನ್ನು ಎಡಗೈ ಮೇಲೆ ಇಟ್ಟುಕೊಂಡಳು, ಖಾಲಿ ಕರಡಿಗೆಯನ್ನು ತಕ್ಕಡಿಯ ತಟ್ಟೆಗೆ ಹಾಕಿದಳು. ಕೈ ಎದೆಯ ಮಟ್ಟಕ್ಕೆ ಹಿಡಿದು ದೃಷ್ಟಿ ಅದರ ಮೇಲೆ ನಿಲ್ಲಿಸಿ, "ಹ್ಞೂಂ, ಈಗ ನೋಡ್ಕೋರಿ" ಅಂದಳು. ತುಂಗಮ್ಮ ಹೆದರಿ ಹೆದರಿ ಭುಜ ಮುಟ್ಟಿದಳು, ಬೆನ್ನು ಮುಟ್ಟಿದಳು, ಕೊರಳು, ಸೊಂಟ, ಕಾಲು ಎಲ್ಲ ತಡವಿದಳು. ನನ್ನ ಮಗಳು ಕಂಬದ ಹಾಗೆ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಕರಡಿಗೆಯಲ್ಲಿ ಇಟ್ಟು ಕೊರಳಿಗೆ ಹಾಕಿಕೊಂಡು ನನ್ನ ಕಡೆ ನೋಡಿ, "ಶಿವ ನನ್ನ ಕೈಯಾಗ ಇದಾನ. ಅಲ್ಲಿ ಈಗ ಯಾರೂ ಇಲ್ಲ. ಮುಟ್ಟಿದ್ರ ಏನಾಗ್ತೈತಿ?" ಅಂದಳು.

ಜಗದಾ, ತುಂಗಮ್ಮ ಅಲ್ಲೇ ಚೀಲದ ಮೇಲೆ ಕೂತುಬಿಟ್ಟಳು. ನಿನ್ನ ಭಾವ ಯಾವುದೋ ಗಿರಾಕಿ ಕರೆದಂತೆ ಮಾಡಿಕೊಂಡು ಹೊರಗೆ ಹೋದರು. ನಾನು ಒಂದು ತಿಂಗಳು ತಲೆ ಕೆಡಿಸಿಕೊಂಡರೂ ಬಿಡಿಸಲಾಗದ ಗಂಟನ್ನು ಈ ಹುಡುಗಿ ಬಿಡಿಸಿಟ್ಟಿದ್ದಳು. ನಾನು ಕಲಿಸಿದ ಮಾತೂ ಉಳಿಯಿತು, ವಿಮಾನದ ದಾರಿಯೂ ತೆರೆಯಿತು. ಆದರೂ ನನ್ನ ಬುದ್ಧಿ ನೋಡು, ಪೂಜೆಯಲ್ಲದ ಹೊತ್ತಿನಲ್ಲಿ ಲಿಂಗ ತೆಗೆಯಬಹುದೋ ಇಲ್ಲವೋ ಅಂತ ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳಿದೆ. "ಮಗಳಿಗೆ ತಿಳಿದಿದ್ದನ್ನ ನನ್ನ ಕೇಳಾಕ ಬಂದಿಯೇನವ್ವಾ?" ಅಂದರು. ವಿಭೂತಿ ಕೊಟ್ಟು ಕಳಿಸಿದರು.

ಭಾನುವಾರ ನಿಲ್ದಾಣದಲ್ಲಿ ನಮ್ಮನ್ನು ಗಾಜಿನ ಈಚೆಗೇ ನಿಲ್ಲಿಸಿದರು. ಪ್ರಮೀಳಾ ಜೊತೆಗೇ ಹೋಗುತ್ತಾಳೆ ಅನ್ನುವುದೊಂದೇ ಧೈರ್ಯ. ಹೆಂಗಸರ ತಪಾಸಣೆಗೆ ಅಡ್ಡ ಪರದೆ ಕಟ್ಟಿದ್ದರು. ಶೃತಿ ಅದರೊಳಗೆ ಹೋದಳು. ಪರದೆಯ ಕೆಳಗೆ ಅವಳ ಬಿಳಿ ಬೂಟುಗಳು ಮಾತ್ರ ಕಾಣುತ್ತಿದ್ದವು. ನಾನು ಆ ಬೂಟುಗಳನ್ನೇ ನೋಡುತ್ತ ನಿಂತೆ. ನಿನ್ನ ಭಾವ ನನ್ನ ಕೈ ಹಿಡಿದುಕೊಂಡಿದ್ದರು, ಅಷ್ಟು ಜನರ ಎದುರಿಗೆ! ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ. ಬೂಟುಗಳು ಅಲ್ಲಾಡಲಿಲ್ಲ. ಕೂಗು ಕೇಳಲಿಲ್ಲ. ಪರದೆಯ ಆ ಕಡೆಯಿಂದ ಹೊರಗೆ ಬಂದಾಗ ಅವಳು ಶಿವದಾರ ಸರಿಮಾಡಿಕೊಳ್ಳುತ್ತಿದ್ದಳು. ಆ ಖಾಕಿಯ ಹೆಂಗಸು, ಯಾವ ಸೀಮೆಯವಳೋ ಏನೋ, ಇವಳು ಕರಡಿಗೆ ಮುಚ್ಚುವವರೆಗೆ ಕೈಕಟ್ಟಿ ಕಾದಿದ್ದಳಂತೆ. ಅದನ್ನು ಪ್ರಮೀಳಾ ಫೋನಿನಲ್ಲಿ ಹೇಳಿದಳು. ದಿಲ್ಲಿಯಲ್ಲೂ ಹಾಗೇ ಆಯಿತಂತೆ. ಈಗ ತಂಡದ ಉಳಿದ ಮಕ್ಕಳಿಗೆ ತಪಾಸಣೆಯಲ್ಲಿ ಹೇಗೆ ನಿಲ್ಲಬೇಕು ಅಂತ ಶೃತಿಯೇ ತೋರಿಸಿಕೊಡುತ್ತಿದ್ದಾಳಂತೆ.

ಒಳಗೆ ಹೋಗುವಾಗ ಅವಳು ತಿರುಗಿ ನೋಡಲಿಲ್ಲ. ಚೀಲ ಬೆನ್ನಿಗೆ ಹಾಕಿಕೊಂಡು, ತೋಳು ಬೀಸಿಕೊಂಡು ಸೀದಾ ನಡೆದಳು. ಒಂದು ಗಳಿಗೆ ನನಗೆ ಸಿಟ್ಟೇ ಬಂತು, ಹೆತ್ತ ತಾಯಿ ನಿಂತಿದ್ದೇನೆ ಅಂತ. ಆಮೇಲೆ ಆನವಟ್ಟಿ ಬಸ್ಸಿನಲ್ಲಿ ತಿರುಗಿ ನೋಡದೆ ಕೂರು ಅಂತ ಅಷ್ಟು ಸಲ ಹೇಳಿಕೊಟ್ಟವಳು ನಾನೇ ಅಲ್ಲವೇ ಅನ್ನಿಸಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸು "ನಿಮ್ಮ ಮಗಳಾ?" ಅಂದಳು. "ಹೌದು, ನನ್ನ ಮಗಳು" ಅಂದೆ. ಈ ಮಾತನ್ನು ನಾನು ಇಷ್ಟು ಗಟ್ಟಿಯಾಗಿ ಎಂದೂ ಹೇಳಿರಲಿಲ್ಲ. ಅವಳು ಪದಕ ತರಲಿ ಬಿಡಲಿ, ನನಗೆ ಆಗಲೇ ಸಿಕ್ಕಿದೆ.

ಅಶ್ವಿನಿಗೂ ಅವಳ ಹೊಟ್ಟೆಯಲ್ಲಿರುವ ಕೂಸಿಗೂ ನನ್ನ ಆಶೀರ್ವಾದ ತಿಳಿಸು. ನಿನ್ನ ಯಜಮಾನರು ಬೆನಕಪ್ಪನವರಿಗೆ ನಮಸ್ಕಾರ. ಮುಂದಿನ ವಾರ ಶೃತಿ ಗುಂಡು ಎಸೆಯುತ್ತಾಳೆ, ಆ ಹೊತ್ತಿಗೆ ಶಿವನ ಮುಂದೆ ಒಂದು ದೀಪ ಹಚ್ಚಿಡು. ಶಿವ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ಇಂತು ನಿನ್ನ ಅಕ್ಕ,
ನಿರ್ಮಲ

ತಾ. ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಅಶ್ವಿನಿ ಮದುವೆಗೆ ಯಾಕೆ ಬರಲಿಲ್ಲ, ಯಾಕೆ ಮುನಿಸು ಅಂತ ನಿನ್ನ ಎರಡು ಕಾಗದದಲ್ಲೂ ಕೇಳಿದ್ದೀ. ನಿನಗೆ ಗೊತ್ತಿಲ್ಲವೇ? ಹೋದ ವರ್ಷ ಲಗ್ನಪತ್ರಿಕೆ ಕೊಡಲು ಬಂದ ಬೆನಕಪ್ಪನವರು ಮಂಡಿಯಲ್ಲಿ ಕೂತು ಚಹಾ ಕುಡಿದು, ಹೊರಡುವಾಗ, "ಬೀಗರು ಹೊಸಬರು, ನಮ್ಮ ಮನೆತನದಲ್ಲಿ ಏನೋ ಇದೆ ಅಂದ್ಕೊಂಡ್ರೆ ಕಷ್ಟ. ಶೃತಿನ ಮನೇಲೇ ಬಿಟ್ಟು ಬನ್ನಿ ಅಂತ ಜಗದಾಂಬನೇ ಹೇಳಿ ಕಳಿಸಿದಾಳೆ" ಅಂದರು. ಮಗಳನ್ನು ಬಿಟ್ಟು ಬರುವ ಮದುವೆ ನನಗೆ ಬೇಡವಾಯಿತು, ಅದಕ್ಕೆ ಬರಲಿಲ್ಲ.

ನಾನು ಇದನ್ನು ಶೃತಿಗೆ ಹೇಳಿಲ್ಲ. ಹೇಳುವ ಪ್ರಸಂಗವೇ ಬರಲಿಲ್ಲ. ತನ್ನನ್ನು ಬಿಟ್ಟು ಅಶ್ವಿನಕ್ಕ ಮದುವೆಯಾಗುತ್ತಾಳೆ ಅಂತ ಅವಳ ತಲೆಗೆ ಬರುವುದೇ ಇಲ್ಲ. ತಾನು ಹೋಗಿಲ್ಲ, ಅಂದಮೇಲೆ ಮದುವೆ ಇನ್ನೂ ಆಗಿಲ್ಲ ಅಂತ ಅವಳ ಲೆಕ್ಕ. ಭಾನುವಾರ ಗಾಜಿನ ಬಾಗಿಲ ಹತ್ತಿರ ನನ್ನನ್ನು ಬಗ್ಗಿಸಿ ಕಿವಿಯಲ್ಲಿ ಅಂದಳು: "ಅವ್ವಾ, ಚಿಕ್ಕಮ್ಮಗ ಹೇಳು. ನಾನು ಬರಾತನಕ ಅಶ್ವಿನಕ್ಕನ ಮದುವಿ ಮಾಡಬ್ಯಾಡ್ರಿ ಅಂತ." ಹೇಳುತ್ತೇನೆ ಅಂತ ಮಾತು ಕೊಟ್ಟೆ. ಅದಕ್ಕೇ ಬರೆದಿದ್ದೇನೆ.